ಮಾಜಿ ಸೈನಿಕರೆಂದು ಸರ್ಕಾರ ಗುರುತಿಸುವ ಬಗೆ: ಡಿಸ್ಚಾರ್ಜ್ ಬುಕ್‌ನಿಂದ ಜಿಲ್ಲಾ ಕಚೇರಿಯ ಗುರುತಿನ ಚೀಟಿಯವರೆಗೆ

ಸೇನೆಯಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳಿದವರನ್ನೆಲ್ಲ ಊರಿನ ಜನ ‘ಮಿಲಿಟರಿಯವರು’ ಎಂದೇ ಕರೆಯುತ್ತಾರೆ, ಅದಕ್ಕೆ ಯಾವ ಕಾಗದವನ್ನೂ ಕೇಳುವುದಿಲ್ಲ. ಸರ್ಕಾರಿ ಕಚೇರಿ ಮಾತ್ರ ಮೂರು ಸಂಗತಿಗಳನ್ನು ತಿಳಿಯದೆ ಯಾರನ್ನೂ ಮಾಜಿ ಸೈನಿಕರೆಂದು ಒಪ್ಪುವುದಿಲ್ಲ: ಸೇನೆಯಿಂದ ಬಿಡುಗಡೆಯಾದ ತಾರೀಖು ಯಾವುದು, ಬಿಡುಗಡೆಗೆ ದಾಖಲಾದ ಕಾರಣವೇನು, ಹೊರಬರುವಾಗ ಸಿಕ್ಕಿದ್ದು ಪಿಂಚಣಿಯೋ ಗ್ರ್ಯಾಚ್ಯುಟಿಯೋ (ಒಂದೇ ಗಂಟಿನಲ್ಲಿ ಕೊಡುವ ಹಣ) ಅಥವಾ ಎರಡೂ ಇಲ್ಲವೋ. ಈ ಮೂರಕ್ಕೂ ಉತ್ತರ ಸೈನಿಕರ ಸೇವಾ ದಾಖಲೆಗಳನ್ನು ಇಟ್ಟುಕೊಳ್ಳುವ ಸೇನೆಯ ರೆಕಾರ್ಡ್ ಆಫೀಸಿನಲ್ಲಿದೆ. ಪಿಂಚಣಿ ಕಚೇರಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ, ನೇಮಕಾತಿ ಆಯೋಗ, ಆಸ್ಪತ್ರೆಯ ಕೌಂಟರ್ ಇವೆಲ್ಲ ಅಲ್ಲಿಂದ ಹೊರಟ ಮಾಹಿತಿಯನ್ನೇ ತಮ್ಮ ತಮ್ಮ ನಮೂನೆಯಲ್ಲಿ ಮತ್ತೆ ಬರೆದುಕೊಳ್ಳುತ್ತವೆ. ಆದ್ದರಿಂದ ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳುವವರು ಮೇಲಿನ ಮೂಲದಿಂದ ಕೆಳಕ್ಕೆ ಬರಬೇಕು. ಕೆಳಗಿನ ಕಚೇರಿಯಲ್ಲಿ ಜಗಳವಾಡಿ ಮೇಲಿನ ದಾಖಲೆಯನ್ನು ತಿದ್ದಿಸಲು ಆಗುವುದಿಲ್ಲ.

ನಿಯಮದಲ್ಲಿ ಮಾಜಿ ಸೈನಿಕ ಯಾರು

ಕೇಂದ್ರ ಸರ್ಕಾರದ ಹುದ್ದೆಗಳ ಮಟ್ಟಿಗೆ ಇದನ್ನು ಹೇಳುವುದು 1979ರ ಮಾಜಿ ಸೈನಿಕರ ಮರುನೇಮಕಾತಿ ನಿಯಮಗಳು. ಅದರಲ್ಲಿರುವ ವ್ಯಾಖ್ಯೆಗೆ 2012ರ ಅಕ್ಟೋಬರ್‌ನಲ್ಲಿ ತಿದ್ದುಪಡಿಯಾಯಿತು. ಭೂಸೇನೆ, ನೌಕಾಪಡೆ, ವಾಯುಪಡೆಗಳಲ್ಲಿ ಯಾವುದೇ ದರ್ಜೆಯಲ್ಲಿ, ಯೋಧನಾಗಿಯಾಗಲಿ ಯೋಧೇತರ ಸಿಬ್ಬಂದಿಯಾಗಿಯಾಗಲಿ, ಸೇವೆ ಸಲ್ಲಿಸಿ ಪಿಂಚಣಿ ಗಳಿಸಿ ಹೊರಬಂದವರು ಮಾಜಿ ಸೈನಿಕರು. ಅವರು ಸ್ವಂತ ಕೋರಿಕೆಯ ಮೇಲೆ ಬಂದಿದ್ದರೂ ಪಿಂಚಣಿ ಇದ್ದರೆ ಅಡ್ಡಿಯಿಲ್ಲ. ಸೇನಾ ಸೇವೆಯಿಂದಲೇ ಉಂಟಾದ ಅನಾರೋಗ್ಯ ಅಥವಾ ಗಾಯದ ಕಾರಣ ಬಿಡುಗಡೆಯಾಗಿ ವೈದ್ಯಕೀಯ ಅಥವಾ ಅಂಗವೈಕಲ್ಯ ಪಿಂಚಣಿ ಪಡೆದವರು, ಸಿಬ್ಬಂದಿ ಕಡಿತದಿಂದ ಹೊರಬಂದವರು, ಒಪ್ಪಂದದ ನಿಗದಿತ ಅವಧಿಯನ್ನು ಮುಗಿಸಿ ಗ್ರ್ಯಾಚ್ಯುಟಿ ಪಡೆದು ಬಂದವರು ಕೂಡ ಈ ವ್ಯಾಖ್ಯೆಯೊಳಗೆ ಬರುತ್ತಾರೆ. ನಿಗದಿತ ಕೆಲವೇ ವರ್ಷಗಳಿಗೆಂದು ಸೇರುವ ಶಾರ್ಟ್ ಸರ್ವಿಸ್ ಕಮಿಷನ್ ಅಧಿಕಾರಿಗಳು ಪಿಂಚಣಿಯಿಲ್ಲದೆಯೂ ಮಾಜಿ ಸೈನಿಕರೆನಿಸಿಕೊಳ್ಳುವುದು ಈ ಕೊನೆಯ ದಾರಿಯಿಂದ. ದುರ್ನಡತೆ ಅಥವಾ ಅದಕ್ಷತೆಯ ಕಾರಣ ವಜಾಗೊಂಡವರಿಗೆ, ಬಿಡುಗಡೆಯಾದವರಿಗೆ ಈ ದಾರಿ ಮುಚ್ಚಿದೆ.

ಜನ ಹೆಚ್ಚಾಗಿ ತಪ್ಪು ತಿಳಿದಿರುವುದು ಸ್ವಂತ ಕೋರಿಕೆಯ ವಿಷಯದಲ್ಲಿ. ಎಂಟೋ ಹತ್ತೋ ವರ್ಷ ಸೇವೆ ಮಾಡಿ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂಬ ಕಾರಣ ಕೊಟ್ಟು ಅರ್ಜಿ ಹಾಕಿ ಬಂದವರ ಸೇವೆ ಎಷ್ಟೇ ನಿಷ್ಕಳಂಕವಾಗಿದ್ದರೂ ಇಂದಿನ ವ್ಯಾಖ್ಯೆಯಲ್ಲಿ ಅವರು ಮಾಜಿ ಸೈನಿಕರಲ್ಲ. ಜವಾನರು ಮತ್ತು ಜೆಸಿಒಗಳಿಗೆ (ಜೂನಿಯರ್ ಕಮಿಷನ್ಡ್ ಆಫೀಸರ್‌ಗಳಿಗೆ) ಸೇವಾ ಪಿಂಚಣಿ ಸಿಗಲು ಸಾಮಾನ್ಯವಾಗಿ 15 ವರ್ಷ, ಅಧಿಕಾರಿಗಳಿಗೆ 20 ವರ್ಷ ಬೇಕು. ಅದಕ್ಕೆ ಮುಂಚೆ ತಾವಾಗಿ ಹೊರಬಂದರೆ ಪಿಂಚಣಿಯೂ ಇಲ್ಲ, ಈ ಹಣೆಪಟ್ಟಿಯೂ ಇಲ್ಲ. ಇದು ಕಠಿಣವೆನಿಸುತ್ತದೆ, ನನಗೂ ಹಾಗೆಯೇ ಅನಿಸುತ್ತದೆ. ಆದರೆ ಜಿಲ್ಲಾ ಕಚೇರಿಯ ಗುಮಾಸ್ತರಿಗೆ ಇದನ್ನು ಸಡಿಲಿಸುವ ಅಧಿಕಾರವಿಲ್ಲ.

ವ್ಯಾಖ್ಯೆ ಕಾಲಕಾಲಕ್ಕೆ ಬದಲಾಗಿರುವುದರಿಂದ ಬಿಡುಗಡೆಯಾದ ದಿನ ಯಾವ ನಿಯಮ ಜಾರಿಯಲ್ಲಿತ್ತೋ ಅದೇ ಅನ್ವಯಿಸುತ್ತದೆ ಎಂಬುದನ್ನು ಹಿರಿಯರ ಮಕ್ಕಳು ಗಮನಿಸಬೇಕು. 1966ರ ಜುಲೈ 1ಕ್ಕೆ ಮುಂಚೆ ಬಿಡುಗಡೆಯಾದವರಿಗೆ ವಜಾ ಅಥವಾ ದುರ್ನಡತೆಯ ಕಾರಣವಿಲ್ಲದಿದ್ದರೆ ಸಾಕಿತ್ತು. 1979ರ ಜುಲೈ 1ರಿಂದ 1987ರ ಜೂನ್ 30ರವರೆಗೆ ಸ್ವಂತ ಕೋರಿಕೆಯ ಮೇಲೆ ಬಂದವರಿಗೆ ಐದು ವರ್ಷದ ಸೇವೆ ಇರಬೇಕಿತ್ತು. ಪಿಂಚಣಿ ಅಥವಾ ಅವಧಿ ಮುಗಿಸಿದ ಗ್ರ್ಯಾಚ್ಯುಟಿ ಎಂಬ ಇಂದಿನ ಅಳತೆಗೋಲು 1987ರ ಜುಲೈ 1ರಿಂದ ಈಚೆಗಿನದು. ಹಾಗಾಗಿ 1983ರಲ್ಲಿ ಆರು ವರ್ಷ ಸೇವೆ ಮುಗಿಸಿ ತಾವಾಗಿ ಬಂದ ಹಿರಿಯರೊಬ್ಬರನ್ನು ‘ಪಿಂಚಣಿ ಇಲ್ಲ’ ಎಂಬ ಒಂದೇ ಕಾರಣಕ್ಕೆ ವಾಪಸ್ ಕಳುಹಿಸಿದರೆ, ಬಿಡುಗಡೆಯ ತಾರೀಖನ್ನು ತೋರಿಸಿ ಆ ಕಾಲದ ನಿಯಮವನ್ನು ನೋಡಿ ಎಂದು ಲಿಖಿತವಾಗಿ ಕೇಳಬಹುದು.

ಬೇರೆ ಉದ್ಯೋಗದ ಜೊತೆಗೆ ಸೇನೆಗೂ ದುಡಿಯುವ ಟೆರಿಟೋರಿಯಲ್ ಆರ್ಮಿಯವರಲ್ಲಿ ಎಂಬಾಡೀಡ್ ಸೇವೆಗಾಗಿ (ಕರ್ತವ್ಯಕ್ಕೆ ಕರೆಸಿಕೊಂಡಾಗ ಮಾಡಿದ ಸೇವೆಗಾಗಿ) ಪಿಂಚಣಿ ಪಡೆಯುವವರು, ಸೇವೆಯಿಂದ ಅಂಗವಿಕಲರಾದವರು, ಶೌರ್ಯ ಪ್ರಶಸ್ತಿ ಪಡೆದವರು ಮಾತ್ರ ಸೇರುತ್ತಾರೆ. ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ ಮುಂತಾದ ಪಡೆಗಳಿಂದ ನಿವೃತ್ತರಾದವರು ಗೃಹ ಸಚಿವಾಲಯದಡಿ ಬರುವವರು. ಅವರಿಗೆ 2012ರಲ್ಲಿ ‘ಮಾಜಿ ಸಿಎಪಿಎಫ್ (ಕೇಂದ್ರ ಸಶಸ್ತ್ರ ಪೊಲೀಸ್ ಪಡೆ) ಸಿಬ್ಬಂದಿ’ ಎಂಬ ಬೇರೆಯೇ ಗುರುತು ಸಿಕ್ಕಿತು. ಅರ್ಜಿ ನಮೂನೆಯಲ್ಲಿ ಅವರು ಮಾಜಿ ಸೈನಿಕ ಎಂಬ ಮನೆಗೆ ಗುರುತು ಹಾಕಿದರೆ ಪರಿಶೀಲನೆಯ ಹಂತದಲ್ಲಿ ಅರ್ಜಿ ಬಿದ್ದುಹೋಗುತ್ತದೆ. ಅಗ್ನಿವೀರರ ವಿಷಯವನ್ನೂ ಇಲ್ಲಿಯೇ ಹೇಳಬೇಕು. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದಾಗ ಪ್ರಕಟವಾದ ಷರತ್ತುಗಳ ಪ್ರಕಾರ ನಾಲ್ಕು ವರ್ಷ ಮುಗಿಸಿ ಹೊರಬರುವವರಿಗೆ ಪಿಂಚಣಿ, ಗ್ರ್ಯಾಚ್ಯುಟಿ, ಮಾಜಿ ಸೈನಿಕರ ಸ್ಥಾನಮಾನ, ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ, ಸೇನಾ ಕ್ಯಾಂಟೀನ್ ಸೌಲಭ್ಯ ಯಾವುವೂ ಇಲ್ಲ. ಅವರಿಗಾಗಿ ಬೇರೆ ಬೇರೆ ಇಲಾಖೆಗಳು ಪ್ರಕಟಿಸುವ ಮೀಸಲಾತಿಯನ್ನು ಆಯಾ ಅಧಿಸೂಚನೆಯಲ್ಲಿಯೇ ಹುಡುಕಬೇಕೇ ಹೊರತು ಮಾಜಿ ಸೈನಿಕರ ಕೋಟಾದಲ್ಲಿ ಅಲ್ಲ.

ಡಿಸ್ಚಾರ್ಜ್ ಬುಕ್ ಓದುವ ಕ್ರಮ

ಜವಾನರು ಮತ್ತು ಜೆಸಿಒಗಳ ಕೈಯಲ್ಲಿರುವ ಅತಿ ಮುಖ್ಯ ದಾಖಲೆ ಡಿಸ್ಚಾರ್ಜ್ ಬುಕ್, ಅಂದರೆ ಸೇನೆ ಬಿಡುವಾಗ ಕೊಡುವ ಸೇವಾ ವಿವರಗಳ ಪುಸ್ತಕ. ಅಧಿಕಾರಿಗಳಿಗೆ ಅದರ ಬದಲು ನಿವೃತ್ತಿ ಅಥವಾ ಬಿಡುಗಡೆಯ ಆದೇಶ ಇರುತ್ತದೆ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿರುವವರು ಬಹಳ, ಒಮ್ಮೆಯಾದರೂ ಪುಟ ಪುಟ ಓದಿದವರು ಕಡಿಮೆ. ಅರ್ಜಿ ಹಾಕುವ ಮುಂಚೆ ಅದನ್ನು ತೆರೆದು, ಪರಿಶೀಲಿಸುವ ಗುಮಾಸ್ತನ ಕಣ್ಣಿನಿಂದ ಓದಬೇಕು.

ಆತ ಮೊದಲು ನೋಡುವುದು ಸೇವಾ ಸಂಖ್ಯೆ. ಜವಾನನಾಗಿ ಸೇರಿ ನಾಯಬ್ ಸುಬೇದಾರ್ (ಮೊದಲ ಮೆಟ್ಟಿಲಿನ ಜೆಸಿಒ) ಆದವರಿಗೆ ಬಡ್ತಿಯ ಸಮಯದಲ್ಲಿ ‘ಜೆಸಿ’ ಅಕ್ಷರಗಳಿಂದ ಶುರುವಾಗುವ ಹೊಸ ಸಂಖ್ಯೆ ಸಿಗುತ್ತದೆ. ಆಗ ಒಬ್ಬರೇ ವ್ಯಕ್ತಿಗೆ ಎರಡು ಸಂಖ್ಯೆಗಳಾಗುತ್ತವೆ. ಹಳೆಯ ಕಾಗದಗಳಲ್ಲಿ ಒಂದು, ಪಿಂಚಣಿ ಆದೇಶದಲ್ಲಿ ಇನ್ನೊಂದು ಇದ್ದರೆ ಅದು ತಪ್ಪಲ್ಲ. ಅರ್ಜಿಯಲ್ಲಿ ಎರಡನ್ನೂ ಬರೆದು, ಹಳೆಯದು ಬಡ್ತಿಗೆ ಮುಂಚಿನದು ಎಂದು ಒಂದು ಸಾಲಿನಲ್ಲಿ ತಿಳಿಸಿದರೆ ಮುಂದಿನ ಪತ್ರವ್ಯವಹಾರ ಉಳಿಯುತ್ತದೆ. ನಿವೃತ್ತಿಯ ನಂತರ ಸೇನಾ ನೆಲೆಗಳನ್ನು ಕಾಯುವ ಡಿಫೆನ್ಸ್ ಸೆಕ್ಯುರಿಟಿ ಕೋರ್‌ಗೆ (ಡಿಎಸ್‌ಸಿ) ಸೇರಿ ಎರಡನೆಯ ಬಾರಿ ಬಿಡುಗಡೆಯಾದವರು ಎರಡೂ ಸೇವೆಯ ದಾಖಲೆಗಳನ್ನು ಜೊತೆಗಿಟ್ಟುಕೊಳ್ಳಬೇಕು.

ನಂತರ ಬರುವುದು ಸೇರ್ಪಡೆಯ ಮತ್ತು ಬಿಡುಗಡೆಯ ತಾರೀಖು, ಅದರ ಹತ್ತಿರದಲ್ಲೇ ಬಿಡುಗಡೆಯ ಕಾರಣ. ಈ ಕಾರಣದ ಸಾಲಿನಲ್ಲಿ ಸಾಮಾನ್ಯವಾಗಿ 1954ರ ಆರ್ಮಿ ರೂಲ್ಸ್‌ನ 13ನೆಯ ನಿಯಮದ ಉಲ್ಲೇಖವಿರುತ್ತದೆ. 13(3) ಮೂರನೆಯ ಬಾಬಿನ (i) ಎಂದಿದ್ದರೆ ಸೇರ್ಪಡೆಯ ಷರತ್ತುಗಳನ್ನು ಪೂರೈಸಿ ಬಂದವರು ಎಂದರ್ಥ. ಇದು ಯಾವ ಪ್ರಶ್ನೆಯನ್ನೂ ಹುಟ್ಟಿಸದ ಸಾಲು. (iii) ಎಂದರೆ ವೈದ್ಯಕೀಯವಾಗಿ ಅನರ್ಹರಾಗಿ ಬಿಡುಗಡೆಯಾದವರು. ಇವರು ಪಿಂಚಣಿ ಆದೇಶವನ್ನು, ಅದರಲ್ಲಿ ಪಿಂಚಣಿಯ ಬಗೆ ಏನೆಂದು ಬರೆದಿದೆಯೋ ಆ ಪುಟವನ್ನು ಜೊತೆಗೆ ತೋರಿಸಬೇಕಾಗುತ್ತದೆ. (iv) ಎಂದರೆ ಷರತ್ತು ಪೂರೈಸುವ ಮುನ್ನ ಸ್ವಂತ ಕೋರಿಕೆಯ ಮೇಲೆ ಬಂದವರು. ಇಲ್ಲಿ ಗುಮಾಸ್ತ ತಕ್ಷಣ ಪಿಂಚಣಿ ಇದೆಯೇ ಎಂದು ಹುಡುಕುತ್ತಾನೆ. (v) ಎಂಬುದು ಉಳಿದೆಲ್ಲ ಬಗೆಯ ಬಿಡುಗಡೆಗಳ ಡಬ್ಬಿ. ಅದು ಕಂಡ ಕೂಡಲೇ ಕಾರಣದ ಪೂರ್ಣ ಪಾಠವನ್ನು ಓದುತ್ತಾರೆ, ಸಂದೇಹವಿದ್ದರೆ ರೆಕಾರ್ಡ್ ಆಫೀಸಿಗೆ ಬರೆಯುತ್ತಾರೆ. ಚಿಕ್ಕದಾಗಿ ಟೈಪ್ ಆಗಿರುವ, ಎಷ್ಟೋ ಪುಸ್ತಕಗಳಲ್ಲಿ ಮಸಿ ಮಾಸಿರುವ ಈ ಒಂದು ಸಾಲಿನ ಮೇಲೆ ಅರ್ಜಿಯ ಹಣೆಬರಹ ನಿಂತಿರುವುದರಿಂದ ಅದು ನೆರಳಚ್ಚಿನಲ್ಲಿ ಸ್ಪಷ್ಟವಾಗಿ ಮೂಡಿದೆಯೇ ಎಂದು ನೋಡಿಯೇ ಪ್ರತಿಯನ್ನು ಕೊಡಬೇಕು.

ನಡತೆಯ ಕಾಲಂ, ಪದಕಗಳ ಪಟ್ಟಿ, ವೈದ್ಯಕೀಯ ವರ್ಗ, ವಿದ್ಯಾರ್ಹತೆ ಇವೂ ಅದರಲ್ಲಿರುತ್ತವೆ. ವಿದ್ಯಾರ್ಹತೆಯ ಸಾಲನ್ನು ಕಡೆಗಣಿಸಬಾರದು. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮುಗಿಸಿದವರನ್ನು ಪದವಿ ಬೇಡುವ ಕೇಂದ್ರದ ಕೆಲವು ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರ ಸಮಾನವೆಂದು ಪರಿಗಣಿಸುವ ಅವಕಾಶವಿದೆ, ಅದಕ್ಕೆ ಆಧಾರ ಈ ಪುಟವೇ.

ಹೆಸರಿನ ತಕರಾರು

ನಮ್ಮ ಕಡೆಯ ಮಾಜಿ ಸೈನಿಕರ ಅರ್ಜಿಗಳು ಅತಿ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಭರ್ತಿಯ ದಿನ ಬೇರೆ ಭಾಷೆಯ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ ಇಂಗ್ಲಿಷ್ ಕಾಗುಣಿತವೇ ಆ ವ್ಯಕ್ತಿಯ ಹೆಸರಾಗಿ ಜೀವನವಿಡೀ ಉಳಿಯುತ್ತದೆ. ಉದಾಹರಣೆಗೆ ಹಾವೇರಿ ಕಡೆಯ ಮಲ್ಲಪ್ಪ ಬಸಪ್ಪ ಹೊಸಮನಿ ಎಂಬವರನ್ನು ಊಹಿಸಿಕೊಳ್ಳೋಣ. ಸೇನೆಯಲ್ಲಿ ಅವರು ‘ಮಲಪ್ಪ ಹೊಸಮನಿ’ ಆಗಿರುತ್ತಾರೆ, ಶಾಲೆಯ ಟಿಸಿಯಲ್ಲಿ ‘ಮಲ್ಲಪ್ಪ ಬ. ಹೊಸಮನಿ’, ಆಧಾರ್‌ನಲ್ಲಿ ‘ಎಂ. ಬಿ. ಹೊಸಮನಿ’, ಬ್ಯಾಂಕಿನಲ್ಲಿ ‘ಮಲ್ಲಪ್ಪ ಬಸಪ್ಪ’. ಹಳೆಯ ಮೈಸೂರಿನ ಕಡೆಯಾದರೆ ಊರಿನ ಮತ್ತು ತಂದೆಯ ಇನಿಷಿಯಲ್‌ಗಳು ಮುಂದೆ ಬಂದು ಬೇರೆ ಬಗೆಯ ಗೊಂದಲವಾಗುತ್ತದೆ. ಊರಿನಲ್ಲಿ ಇವೆಲ್ಲ ಒಬ್ಬರೇ ಎಂದು ಎಲ್ಲರಿಗೂ ಗೊತ್ತು, ಆದರೆ ಕಂಪ್ಯೂಟರಿಗೆ ನಾಲ್ವರು.

ಇಲ್ಲಿ ಯಾವುದನ್ನು ಯಾವುದಕ್ಕೆ ಹೊಂದಿಸಬೇಕೆಂದು ಮೊದಲು ತೀರ್ಮಾನಿಸಬೇಕು. ಸೈನಿಕನ ಸ್ವಂತ ಹೆಸರು ಮತ್ತು ಜನ್ಮದಿನಾಂಕದ ವಿಷಯದಲ್ಲಿ ನನ್ನ ಸಲಹೆ ಸರಳ: ಸಾಧ್ಯವಾದಷ್ಟೂ ಆಧಾರ್, ಪ್ಯಾನ್, ಬ್ಯಾಂಕ್ ಖಾತೆಗಳನ್ನೇ ಸೇನೆಯ ದಾಖಲೆಗೆ ತಕ್ಕಂತೆ ಬದಲಾಯಿಸಿಕೊಳ್ಳಿ. ನಿವೃತ್ತಿಯ ನಂತರ ಸೇನೆಯ ದಾಖಲೆಯಲ್ಲಿ ಜನ್ಮದಿನಾಂಕ ಬದಲಾಯಿಸುವುದು ಆಗದ ಮಾತು. ಹೆಸರಿನ ತಿದ್ದುಪಡಿ ಆಗುತ್ತದೆ, ಆದರೆ ಅಫಿಡವಿಟ್, ಪತ್ರಿಕಾ ಪ್ರಕಟಣೆ, ಗುರುತಿನ ದಾಖಲೆಗಳು, ಆಮೇಲೆ ಪಿಂಚಣಿ ಆದೇಶಕ್ಕೂ ತಿದ್ದುಪಡಿ ಎಂದು ಅದು ಉದ್ದಕ್ಕೆ ಹೋಗುತ್ತದೆ.

ಹೆಂಡತಿಯ ಹೆಸರಿನ ವಿಷಯದಲ್ಲಿ ಮಾತ್ರ ಇದಕ್ಕೆ ವಿರುದ್ಧವಾಗಿ ಯೋಚಿಸಬೇಕಾಗುತ್ತದೆ. ಉತ್ತರ ಕರ್ನಾಟಕದ ಮತ್ತು ಕರಾವಳಿಯ ಹಲವು ಮನೆತನಗಳಲ್ಲಿ ಮದುವೆಯಾದ ಮೇಲೆ ಗಂಡನ ಮನೆಯವರು ಸೊಸೆಗೆ ಹೊಸ ಹೆಸರಿಡುವ ಪದ್ಧತಿಯಿದೆ. ಸೈನಿಕ ರಜೆ ಮುಗಿಸಿ ಹೋಗಿ ಯೂನಿಟ್‌ನಲ್ಲಿ ಮದುವೆಯನ್ನು ದಾಖಲಿಸುವಾಗ ಆ ಹೊಸ ಹೆಸರನ್ನು ಬರೆಸಿರುತ್ತಾನೆ, ಆಕೆಯ ಶಾಲೆಯ ದಾಖಲೆ ಮತ್ತು ಆಧಾರ್ ತವರಿನ ಹೆಸರಿನಲ್ಲಿಯೇ ಇರುತ್ತವೆ. ಗಂಡ ಬದುಕಿರುವವರೆಗೆ ಇದು ಯಾರ ಗಮನಕ್ಕೂ ಬರುವುದಿಲ್ಲ. ಆತ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಕೇಳಲು ಹೋದಾಗ, ದಾಖಲೆಯಲ್ಲಿರುವ ಹೆಂಡತಿ ತಾನೇ ಎಂದು ಸಾಬೀತು ಮಾಡುವ ಹೊರೆ ಆ ಹೆಣ್ಣುಮಗಳ ಮೇಲೆ ಬೀಳುತ್ತದೆ. ಆದ್ದರಿಂದ ಪತಿ ಜೀವಂತವಿರುವಾಗಲೇ, ಆತನ ಸಹಿಯೊಂದಿಗೆ, ಎರಡೂ ಹೆಸರು ಒಬ್ಬಳವೇ ಎಂಬ ಅಫಿಡವಿಟ್ ಮಾಡಿಸಿ ರೆಕಾರ್ಡ್ ಆಫೀಸಿಗೆ ಕಳುಹಿಸಿ ತಿದ್ದಿಸಿಕೊಳ್ಳಬೇಕು. ಈ ಲೇಖನದಲ್ಲಿ ಒಂದೇ ಒಂದು ಕೆಲಸವನ್ನು ಈ ವಾರವೇ ಮಾಡಿ ಎನ್ನುವುದಾದರೆ ಇದನ್ನೇ ಹೇಳುತ್ತೇನೆ.

ಸೇನೆಯಲ್ಲಿ ಮದುವೆ, ಮಕ್ಕಳ ಜನನ, ವಿಚ್ಛೇದನ, ಕುಟುಂಬದವರ ಮರಣ ಇವೆಲ್ಲ ‘ಪಾರ್ಟ್ ಟೂ ಆರ್ಡರ್’ ಎಂಬ ಆದೇಶದ ಮೂಲಕ ದಾಖಲಾಗುತ್ತವೆ. ಅದು ಪ್ರಕಟವಾಗದೆ ಮಗು ಇದೆ ಎಂದು ಸೇನೆಗೆ ಗೊತ್ತಿರುವುದಿಲ್ಲ. ನಿವೃತ್ತಿಯ ನಂತರ ಮದುವೆಯಾದರೂ ಮಗು ಹುಟ್ಟಿದರೂ ವಿವಾಹ ನೋಂದಣಿ ಪತ್ರ ಅಥವಾ ಜನನ ಪ್ರಮಾಣಪತ್ರದೊಂದಿಗೆ ರೆಕಾರ್ಡ್ ಆಫೀಸಿಗೆ ಬರೆದು ದಾಖಲಿಸಬೇಕು.

ಯಾವ ರೆಕಾರ್ಡ್ ಆಫೀಸ್

ಸೇನೆಗೆ ಒಂದೇ ರೆಕಾರ್ಡ್ ಆಫೀಸ್ ಇಲ್ಲ, ಪ್ರತಿ ರೆಜಿಮೆಂಟ್ ಅಥವಾ ಕೋರ್‌ಗೆ ತನ್ನದೇ ಇದೆ. ಕನ್ನಡಿಗರು ಹೆಚ್ಚಾಗಿ ಸೇರುವ ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿದೆ. ಮದ್ರಾಸ್ ಎಂಜಿನಿಯರ್ ಗ್ರೂಪ್, ಪ್ಯಾರಾಚೂಟ್ ರೆಜಿಮೆಂಟ್, ಮಿಲಿಟರಿ ಪೊಲೀಸ್, ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ದಕ್ಷಿಣ ಇವು ಬೆಂಗಳೂರಿನಲ್ಲಿವೆ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಇಎಂಇ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ಸಿಕಂದರಾಬಾದ್‌ನಲ್ಲಿ, ಸಿಗ್ನಲ್ಸ್ ಜಬಲ್‌ಪುರದಲ್ಲಿ, ಆರ್ಟಿಲರಿ ನಾಸಿಕ್ ರೋಡ್‌ನಲ್ಲಿ, ಡಿಎಸ್‌ಸಿ ಕೇರಳದ ಕಣ್ಣೂರಿನಲ್ಲಿ. ನಾವಿಕರಿಗೆ ಮುಂಬಯಿಯ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್, ವಾಯುಪಡೆಯವರಿಗೆ ದೆಹಲಿಯ ಸುಬ್ರೋತೋ ಪಾರ್ಕ್‌ನ ಏರ್ ಫೋರ್ಸ್ ರೆಕಾರ್ಡ್ ಆಫೀಸ್. ಪತ್ರದ ಮೇಲ್ಭಾಗದಲ್ಲಿ ಸೇವಾ ಸಂಖ್ಯೆ, ದರ್ಜೆ, ಹೆಸರು, ಟ್ರೇಡ್ (ಸೇನೆಯಲ್ಲಿ ಮಾಡುತ್ತಿದ್ದ ಕೆಲಸದ ಬಗೆ), ಬಿಡುಗಡೆಯ ತಾರೀಖು ಈ ಐದನ್ನೂ ಬರೆಯದಿದ್ದರೆ ಅಲ್ಲಿಯವರಿಗೆ ನಿಮ್ಮನ್ನು ಹುಡುಕಲಾಗುವುದಿಲ್ಲ.

ಪಿಂಚಣಿಯಿಲ್ಲದೆ ಬಿಡುಗಡೆಯಾದವರಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಪಿಂಚಣಿ ಪಡೆಯದವರ ವಿವರವಾದ ಸೇವಾ ಕಡತಗಳನ್ನು ಬಿಡುಗಡೆಯಾದ 25 ವರ್ಷಗಳ ನಂತರ ನಾಶಪಡಿಸುವ ನಿಯಮವಿದೆ. ಆಮೇಲೆ ಉಳಿಯುವುದು ‘ಲಾಂಗ್ ರೋಲ್’ ಎಂಬ ರಿಜಿಸ್ಟರಿನ ಸಂಕ್ಷಿಪ್ತ ನಮೂದು ಮಾತ್ರ. ಅಂಥವರು ಕಾಲಾವಧಿ ಮುಗಿಯುವ ಮುನ್ನವೇ ತಮ್ಮ ದಾಖಲೆಗಳ ಪ್ರತಿಯನ್ನು ಪಡೆದಿಟ್ಟುಕೊಳ್ಳುವುದು ಲೇಸು. ಪತ್ರಕ್ಕೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು.

ಪಿಪಿಒ ಮತ್ತು ಸ್ಪರ್ಶ್

ಪಿಂಚಣಿ ಪಾವತಿ ಆದೇಶ, ಎಲ್ಲರ ಬಾಯಲ್ಲಿ ಪಿಪಿಒ, ಎರಡನೆಯ ಸ್ತಂಭ. ಭೂಸೇನೆಯವರಿಗೆ ಇದನ್ನು ಪ್ರಯಾಗರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿ ಹೊರಡಿಸುತ್ತದೆ. ಈಗ ರಕ್ಷಣಾ ಪಿಂಚಣಿಗಳು ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಸೇರಿವೆ, ಹಳೆಯವರಿಗೂ ಹೊಸ ಪಿಪಿಒ ಸಂಖ್ಯೆ ಸಿಕ್ಕಿದೆ. ಅರ್ಜಿಗಳಲ್ಲಿ ಹೊಸ ಸಂಖ್ಯೆ ಬರೆದು, ಹಳೆಯ ಪಿಪಿಒ ಪ್ರತಿಯನ್ನೂ, ನಂತರ ಬಂದ ತಿದ್ದುಪಡಿ ಪಿಪಿಒಗಳನ್ನೂ ಎಸೆಯದೆ ಇಟ್ಟುಕೊಳ್ಳಬೇಕು. ಸ್ಪರ್ಶ್‌ಗೆ ವರ್ಗಾವಣೆಯಾದಾಗ ಹೆಸರು, ಜನ್ಮದಿನಾಂಕ, ಕುಟುಂಬದ ವಿವರಗಳಲ್ಲಿ ತಪ್ಪು ನುಸುಳಿರುವ ಸಾಧ್ಯತೆ ಇರುವುದರಿಂದ ಲಾಗಿನ್ ಆಗಿ ಪ್ರೊಫೈಲನ್ನು ಡಿಸ್ಚಾರ್ಜ್ ಬುಕ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ ನೋಡಬೇಕು. ಮೊಬೈಲ್ ಬಳಕೆ ಗೊತ್ತಿಲ್ಲದವರು ಹತ್ತಿರದ ಸ್ಪರ್ಶ್ ಸೇವಾ ಕೇಂದ್ರ ಅಥವಾ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಬಹುದು.

ವರ್ಷಕ್ಕೊಮ್ಮೆ ಬದುಕಿರುವುದನ್ನು ತೋರಿಸುವ ಗುರುತಿಸುವಿಕೆ ಬೇರೆಯೇ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಇದಾಗುತ್ತದೆ, 80 ದಾಟಿದವರು ಅಕ್ಟೋಬರ್ 1ರಿಂದಲೇ ಮಾಡಬಹುದು. ಜೀವನ್ ಪ್ರಮಾಣ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಮಾಡುವಾಗ ಪಿಂಚಣಿ ಮಂಜೂರು ಮಾಡಿದ ಪ್ರಾಧಿಕಾರ ಮತ್ತು ವಿತರಿಸುವ ಸಂಸ್ಥೆ ಎಂಬ ಎರಡು ಮನೆಗಳಲ್ಲಿ ಸ್ಪರ್ಶ್‌ನವರು ಹಳೆಯ ಬ್ಯಾಂಕಿನ ಹೆಸರು ಆಯ್ದರೆ ಪ್ರಮಾಣಪತ್ರ ಬೇರೆ ಕಡೆ ಹೋಗಿ ಪಿಂಚಣಿ ನಿಲ್ಲುತ್ತದೆ.

ಜಿಲ್ಲಾ ಕಚೇರಿಯ ಗುರುತಿನ ಚೀಟಿ

ರಾಜ್ಯದಲ್ಲಿ ಈ ಕೆಲಸ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯದು. ಅದರ ಕೇಂದ್ರ ಕಚೇರಿ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಭವನದಲ್ಲಿದೆ. ಎಲ್ಲ ಜಿಲ್ಲೆಗಳಲ್ಲೂ ಪ್ರತ್ಯೇಕ ಕಚೇರಿ ಇಲ್ಲದಿರುವುದರಿಂದ ನಿಮ್ಮ ಜಿಲ್ಲೆ ಯಾವ ಕಚೇರಿಯ ವ್ಯಾಪ್ತಿಗೆ ಸೇರಿದೆಯೆಂದು ಮೊದಲು ಕೇಳಿಕೊಂಡು ಹೊರಡುವುದು ಒಳ್ಳೆಯದು, ಬಸ್ಸಿನ ಖರ್ಚು ಉಳಿಯುತ್ತದೆ. ಮೊದಲ ಬಾರಿ ಹೋಗುವಾಗ ಡಿಸ್ಚಾರ್ಜ್ ಬುಕ್ ಮೂಲ ಪ್ರತಿ, ಪಿಪಿಒ, ಆಧಾರ್, ಪ್ಯಾನ್, ಪಿಂಚಣಿ ಬರುವ ಖಾತೆಯ ಪಾಸ್‌ಬುಕ್, ವಾಸದ ದಾಖಲೆ, ಪಾಸ್‌ಪೋರ್ಟ್ ಅಳತೆಯ ಫೋಟೋಗಳು ಜೊತೆಯಲ್ಲಿರಲಿ. ಎಲ್ಲದರ ನೆರಳಚ್ಚುಗಳ ಮೇಲೂ ಸ್ವಯಂ ದೃಢೀಕರಣದ ಸಹಿ ಹಾಕಿಟ್ಟುಕೊಳ್ಳಿ. ಹೆಸರು ನೋಂದಾಯಿಸಿಕೊಂಡ ಮೇಲೆ ಕೊಡುವ ಮಾಜಿ ಸೈನಿಕರ ಗುರುತಿನ ಚೀಟಿಯನ್ನೇ ರಾಜ್ಯದ ಉಳಿದ ಇಲಾಖೆಗಳು ಕೇಳುವುದು. ಉದ್ಯೋಗಕ್ಕಾಗಿ ಹೆಸರು ನೋಂದಾಯಿಸುವುದೂ ಇಲ್ಲಿಯೇ. ವಾಸ ಬದಲಾದರೆ ನೋಂದಣಿಯನ್ನು ಹೊಸ ಜಿಲ್ಲೆಗೆ ವರ್ಗಾಯಿಸಿಕೊಳ್ಳಬೇಕು.

ಕೇಂದ್ರೀಯ ಸೈನಿಕ ಮಂಡಳಿಯ ಧನಸಹಾಯ ಮತ್ತು ವಿದ್ಯಾರ್ಥಿವೇತನಗಳಿಗೆ ಅದರ ಜಾಲತಾಣದಲ್ಲಿ ಅರ್ಜಿ ಹಾಕಿದರೂ ಅದು ಪರಿಶೀಲನೆಗಾಗಿ ಈ ಜಿಲ್ಲಾ ಕಚೇರಿಗೇ ಬರುತ್ತದೆ. ಇಲ್ಲಿಯ ರಿಜಿಸ್ಟರಿನಲ್ಲಿ ಹೆಸರಿಲ್ಲದವರ ಅರ್ಜಿ ಮುಂದೆ ಸಾಗುವುದಿಲ್ಲ.

ಕ್ಯಾಂಟೀನ್ ಸ್ಮಾರ್ಟ್ ಕಾರ್ಡನ್ನು ಅಥವಾ ಸಮವಸ್ತ್ರದ ಫೋಟೋವನ್ನು ಗುರುತಿನ ಸಾಕ್ಷಿಯಾಗಿ ಯಾವ ಕಚೇರಿಯೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಸೆಕೆಂಡ್ ಹ್ಯಾಂಡ್ ವಾಹನ ಮಾರುವ ನೆಪದಲ್ಲಿ ನಕಲಿ ಸೈನಿಕರು ಜನರಿಗೆ ಕಳುಹಿಸುವುದು ಇಂಥ ಕಾರ್ಡಿನ ಚಿತ್ರಗಳನ್ನೇ. ಅಸಲಿ ಸೈನಿಕರು ತಮ್ಮ ಕಾರ್ಡಿನ ಫೋಟೋವನ್ನು ವಾಟ್ಸ್‌ಆಪ್ ಗುಂಪುಗಳಿಗೆ ಹಾಕದಿದ್ದರೆ ಒಳ್ಳೆಯದು. 2003ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಸಿಎಚ್‌ಎಸ್ ಆರೋಗ್ಯ ಯೋಜನೆಯ ಕಾರ್ಡ್ ಕೂಡ ಚಿಕಿತ್ಸೆಗಾಗಿ ಮಾತ್ರ. ಅದನ್ನು ಪಡೆಯಲು ಪಿಪಿಒ ಮತ್ತು ಕುಟುಂಬದ ವಿವರಗಳು ಸೇನೆಯ ದಾಖಲೆಗೆ ತಾಳೆಯಾಗಬೇಕು.

ನೇಮಕಾತಿಯಲ್ಲಿ ಪರಿಶೀಲನೆ

ಕೇಂದ್ರ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 10, ಹಿಂದಿನ ಗ್ರೂಪ್ ಡಿ ಹುದ್ದೆಗಳಲ್ಲಿ ಶೇ. 20 ಮಾಜಿ ಸೈನಿಕರಿಗಿದೆ. ಸಾರ್ವಜನಿಕ ವಲಯದ ಬ್ಯಾಂಕು ಮತ್ತು ಉದ್ಯಮಗಳಲ್ಲಿ ಇದು ಕ್ರಮವಾಗಿ ಶೇ. 14.5 ಮತ್ತು ಶೇ. 24.5. ಗ್ರೂಪ್ ಸಿ ಹುದ್ದೆಗೆ ವಯಸ್ಸಿನ ಲೆಕ್ಕ ಹೀಗೆ: ನಿಜವಾದ ವಯಸ್ಸಿನಿಂದ ಸೇನಾ ಸೇವೆಯ ವರ್ಷಗಳನ್ನು ಕಳೆಯಬೇಕು, ಉಳಿದದ್ದು ಗರಿಷ್ಠ ವಯೋಮಿತಿಯನ್ನು ಮೂರು ವರ್ಷಕ್ಕಿಂತ ಹೆಚ್ಚು ಮೀರಬಾರದು. 38 ವರ್ಷದವರಿಗೆ 17 ವರ್ಷದ ಸೇವೆಯಿದ್ದರೆ ಉಳಿಯುವುದು 21, ಹಾಗಾಗಿ 27ರ ಮಿತಿಯಿರುವ ಹುದ್ದೆಗೂ ಅವರು ಅರ್ಹರು. ಕರ್ನಾಟಕದಲ್ಲಿ 1977ರ ಸಾಮಾನ್ಯ ನೇಮಕಾತಿ ನಿಯಮಗಳಡಿ ಸಮತಲ ಮೀಸಲಾತಿ, ಅಂದರೆ ಪ್ರತಿ ಜಾತಿ ವರ್ಗದ ಪಾಲಿನೊಳಗೇ ಕೊಡುವ ಮೀಸಲಾತಿ, ಇದೆ. ಸೇವೆಯ ಅವಧಿಗೆ ಮೂರು ವರ್ಷ ಸೇರಿಸಿದರೆ ಎಷ್ಟಾಗುತ್ತದೋ ಅಷ್ಟು ವಯಸ್ಸಿನ ಸಡಿಲಿಕೆಯೂ ಇದೆ.

ನೇಮಕಾತಿ ಪ್ರಾಧಿಕಾರ ನಿಮ್ಮ ಪ್ರತಿಯನ್ನು ನಂಬಿ ಅಲ್ಲಿಗೇ ಬಿಡುವುದಿಲ್ಲ. ಡಿಸ್ಚಾರ್ಜ್ ಬುಕ್‌ನ ಪ್ರತಿಯನ್ನು ರೆಕಾರ್ಡ್ ಆಫೀಸಿಗೆ ಕಳುಹಿಸಿ ನೈಜತೆಯ ವರದಿ ತರಿಸಿಕೊಳ್ಳುತ್ತದೆ. ಇನ್ನೂ ಸೇವೆಯಲ್ಲಿದ್ದು ಒಂದು ವರ್ಷದೊಳಗೆ ಬಿಡುಗಡೆಯಾಗಲಿರುವವರು ತಮ್ಮ ಕಮಾಂಡಿಂಗ್ ಆಫೀಸರ್ ಕೊಡುವ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಬಹುದು.

ಕೇಂದ್ರದ ನಿಯಮದಲ್ಲಿ ಮಾಜಿ ಸೈನಿಕರ ಮೀಸಲಾತಿಯಿಂದ ಒಮ್ಮೆ ನಾಗರಿಕ ಹುದ್ದೆಗೆ ಸೇರಿದ ಮೇಲೆ ಅದೇ ಮೀಸಲಾತಿಯನ್ನು ಮತ್ತೆ ಬಳಸಲಾಗದು. ಸೇರುವ ಮುಂಚೆಯೇ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದವರಿಗೆ ಮಾತ್ರ 2014ರ ಆದೇಶದಂತೆ ರಿಯಾಯಿತಿ ಇದೆ, ಆದರೆ ಹುದ್ದೆಗೆ ಸೇರಿದ ಕೂಡಲೇ ಆ ಅರ್ಜಿಗಳ ಪಟ್ಟಿಯನ್ನು ತಾರೀಖು ಸಮೇತ ಹೊಸ ಮಾಲೀಕ ಇಲಾಖೆಗೆ ಬರೆದುಕೊಟ್ಟಿರಬೇಕು. ಈ ಪತ್ರವನ್ನು ಕೊಡಲು ಮರೆತವರಿಗೆ ಎರಡನೆಯ ಆಯ್ಕೆ ಕೈತಪ್ಪುತ್ತದೆ. ಪತ್ರದ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲೇಬೇಕು.

ಮಕ್ಕಳ ಮತ್ತು ಪತ್ನಿಯ ಕಾಗದಗಳು

ಸಿಇಟಿ ಪ್ರವೇಶದಲ್ಲಿ ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ವರ್ಗವಿದೆ. ಅದಕ್ಕೆ ಬೇಕಾದ ಅವಲಂಬಿತರ ಪ್ರಮಾಣಪತ್ರವನ್ನು ಸೈನಿಕ ಕಲ್ಯಾಣ ಇಲಾಖೆಯ ಅಧಿಕಾರಿ ಕೊಡುತ್ತಾರೆ. ತಂದೆ ಅಥವಾ ತಾಯಿಯ ಸ್ವಂತ ಊರು ಕರ್ನಾಟಕದ್ದೆಂದು ಸೇನೆಯ ದಾಖಲೆಯಲ್ಲಿ ಇದೆಯೇ, ಮಗುವಿನ ಹೆಸರು ಅದರಲ್ಲಿ ನಮೂದಾಗಿದೆಯೇ ಎಂಬ ಎರಡು ಸಂಗತಿಗಳಲ್ಲಿ ತೊಂದರೆಯಾಗುತ್ತದೆ. ಯುದ್ಧದಲ್ಲಿ ಮಡಿದವರ ಕುಟುಂಬಕ್ಕೆ ಮೊದಲ ಆದ್ಯತೆ, ಸಾಮಾನ್ಯ ಮಾಜಿ ಸೈನಿಕರ ಮಕ್ಕಳು ಕೆಳಗಿನ ಕ್ರಮದಲ್ಲಿ ಬರುತ್ತಾರೆ ಎಂಬುದನ್ನು ತಿಳಿದೇ ಸೀಟಿನ ಲೆಕ್ಕ ಹಾಕಬೇಕು. ಫಲಿತಾಂಶ ಬಂದ ವಾರ ಕಚೇರಿಯ ಮುಂದೆ ಸಾಲು ಬೆಳೆಯುವುದರಿಂದ ಮಗು ಪಿಯುಸಿಗೆ ಸೇರಿದ ವರ್ಷವೇ ಹೆಸರಿನ ತಿದ್ದುಪಡಿಗಳನ್ನು ಮುಗಿಸಬೇಕು.

ಪತಿ ತೀರಿಕೊಂಡಾಗ ಪತ್ನಿ ಮರಣ ಪ್ರಮಾಣಪತ್ರದೊಂದಿಗೆ ಸ್ಪರ್ಶ್‌ನಲ್ಲಿ ಮರಣವನ್ನು ವರದಿ ಮಾಡಿ, ಕುಟುಂಬ ಪಿಂಚಣಿ ಶುರುವಾದ ಮೇಲೆ ಜಿಲ್ಲಾ ಕಚೇರಿಯಲ್ಲಿ ತಮ್ಮ ಹೆಸರಿನಲ್ಲಿ ಹೊಸ ಗುರುತಿನ ಚೀಟಿ ಮಾಡಿಸಬೇಕು. ಮರಣ ಪ್ರಮಾಣಪತ್ರ ಬರೆಸುವಾಗಲೇ ಸತ್ತವರ ಹೆಸರು ಡಿಸ್ಚಾರ್ಜ್ ಬುಕ್‌ನಲ್ಲಿರುವಂತೆಯೇ ಇರಲಿ ಎಂದು ಗ್ರಾಮ ಪಂಚಾಯಿತಿ ಅಥವಾ ನಗರಸಭೆಯವರಿಗೆ ಹೇಳಿ. ದುಃಖದ ಮನೆಯಲ್ಲಿ ಇದನ್ನು ಯೋಚಿಸುವವರು ಯಾರು ಎಂದು ಕೇಳಬಹುದು, ಅದಕ್ಕಾಗಿಯೇ ನೆರೆಯ ಮಾಜಿ ಸೈನಿಕರೊಬ್ಬರು ಈ ಹೊಣೆ ಹೊರುವುದು ಒಳ್ಳೆಯದು.

ಡಿಸ್ಚಾರ್ಜ್ ಬುಕ್ ಕಳೆದುಹೋದರೆ ಹೊಸ ಪುಸ್ತಕ ಸಿಗುತ್ತದೆಂದು ಕಾಯಬಾರದು, ಅದರ ಬದಲಿಗೆ ರೆಕಾರ್ಡ್ ಆಫೀಸ್ ಕೊಡುವುದು ಸೇವೆಯ ಪ್ರಮಾಣಪತ್ರ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆದು, ಅಫಿಡವಿಟ್ ಮಾಡಿಸಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅರ್ಜಿ ಕಳುಹಿಸಬೇಕು. ನೇರವಾಗಿ ಕಳುಹಿಸಿದ ಅರ್ಜಿ ಜಿಲ್ಲಾ ಕಚೇರಿಯ ಶಿಫಾರಸಿಗಾಗಿ ವಾಪಸ್ ಬರುವ ಸಂಭವವೇ ಹೆಚ್ಚು. ಹಳೆಯ ಪುಸ್ತಕದ ಸ್ಕ್ಯಾನ್ ಪ್ರತಿ ಮನೆಯಲ್ಲಿ ಯಾರ ಬಳಿಯಾದರೂ ಇದ್ದರೆ ಅದನ್ನು ಲಗತ್ತಿಸಿ, ಸೇವಾ ಸಂಖ್ಯೆಯೂ ಬಿಡುಗಡೆಯ ತಾರೀಖೂ ಓದುವಂತಿದ್ದರೆ ಹುಡುಕಾಟ ಬೇಗ ಮುಗಿಯುತ್ತದೆ. ಬದಲಿ ಪ್ರಮಾಣಪತ್ರ ಕೈಗೆ ಬಂದ ದಿನ ಅದರ ಎಲ್ಲ ಪುಟಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ಪತ್ನಿಯ ಬಳಿ, ಇನ್ನೊಂದನ್ನು ಜಿಲ್ಲಾ ಕಚೇರಿಯ ಕಡತದಲ್ಲಿ ಇರಿಸಬೇಕು.